ಚೆಟ್ಟಳ್ಳಿ ಕೆರೆಯಲ್ಲಿ ಐಸ್ ಇಲ್ಲದ ಐಸ್ ಫಿಶಿಂಗ್

ಮೊದಲ ದಿನ

ಮೈಸೂರು ಬಿಟ್ಟಾಗ ಬೆಳಗ್ಗೆ ಆರೂವರೆ. ಕಾರಿನಲ್ಲಿ ನಾನು, ನನ್ನ ಹೆಂಡತಿ, ಅವಳ ಅಣ್ಣ. ಅಂದರೆ ನನ್ನ ಭಾವ. ಹದಿನಾರು ವರ್ಷದಿಂದ ಅಮೆರಿಕದ ಮಿನ್ನೆಸೋಟದಲ್ಲಿದ್ದಾರೆ. ಜನವರಿಯಲ್ಲಿ ಅವರು ಊರಿಗೆ ಬರುವವರೇ ಅಲ್ಲ. ಅಲ್ಲಿ ಆ ತಿಂಗಳು ಕೆರೆಗಳೆಲ್ಲ ಕಲ್ಲಾಗಿರುತ್ತವೆ. ಜನ ಅದರ ಮೇಲೆ ನಡೆದು ಹೋಗಿ, ತೂತು ಕೊರೆದು, ಮೀನು ಹಿಡಿಯುತ್ತಾರೆ. ಈ ಸಲ ಚಿಕ್ಕಪ್ಪನ ಮಗಳ ಮದುವೆ ಅಂತ ಬರಲೇಬೇಕಾಯಿತು. ಮದುವೆ ಊಟಕ್ಕೆ ಕೂತಾಗಲೂ ಪಕ್ಕದವರಿಗೆ ಮೊಬೈಲಿನಲ್ಲಿ ಐಸ್ ತೋರಿಸುತ್ತಿದ್ದರು.

ಕೊಡಗಿನ ಚೆಟ್ಟಳ್ಳಿಯಲ್ಲಿ ಕಾಫಿ ತೋಟ ಇರುವ ಮಾವ, ಅಂದರೆ ನನ್ನ ಹೆಂಡತಿಯ ಅಪ್ಪ, ಫೋನಿನಲ್ಲಿ ಹೇಳಿದ್ದು ಒಂದೇ ಮಾತು. "ಕೆರೆಯಲ್ಲಿ ಮೀನು ಉಟ್ಟು. ಫೆಬ್ರವರಿಗೆ ಮೋಟಾರ್ ಹಾಕ್ತೇನೆ. ಅದಕ್ಕೆ ಮೊದಲು ಬಂದು ಹಿಡೀರಿ." ಅರೆಭಾಷೆಯಲ್ಲಿ 'ಉಟ್ಟು' ಅಂದರೆ 'ಇದೆ'. ಮದುವೆಯಾದ ಹೊಸದರಲ್ಲಿ ನನಗೆ ಇದೊಂದು ಪದ ಅರ್ಥವಾಗದೆ, "ಊಟ ಉಟ್ಟು" ಅಂದಾಗ ಯಾರು ಎಲ್ಲಿ ಹುಟ್ಟಿದರು ಅಂತ ಕೇಳಿ ಮನೆಯವರನ್ನೆಲ್ಲ ನಗಿಸಿದ್ದೆ.

ಮೋಟಾರಿನ ವಿಷಯ ಗೊತ್ತಿಲ್ಲದವರಿಗೆ ಹೇಳುತ್ತೇನೆ. ರೊಬಸ್ಟಾ ಕಾಫಿ ಗಿಡಕ್ಕೆ ಕುಯ್ಲು ಮುಗಿದ ಮೇಲೆ ಒಂದು ಒಳ್ಳೆ ಮಳೆ ಬೇಕು. ಆಗ ಮೊಗ್ಗು ಅರಳುತ್ತದೆ. ಆ ಹೂವಿನ ಮಳೆ ಹೇಳಿದ ಹೊತ್ತಿಗೆ ಬರುವುದಿಲ್ಲ. ಹಾಗಾಗಿ ತೋಟದವರು ಕೆರೆ ತೋಡಿಸಿ, ನೀರು ತುಂಬಿಸಿಟ್ಟು, ಫೆಬ್ರವರಿ-ಮಾರ್ಚಿನಲ್ಲಿ ಸ್ಪ್ರಿಂಕ್ಲರ್ ತಿರುಗಿಸಿ ತಾವೇ ಮಳೆ ಮಾಡುತ್ತಾರೆ. ಹತ್ತು-ಹದಿನೈದು ದಿನ ಮೋಟಾರ್ ಓಡಿದರೆ ಕೆರೆ ಮೊಣಕಾಲುದ್ದಕ್ಕೆ ಇಳಿಯುತ್ತದೆ. ಆಮೇಲೆ ಮೀನಿನ ಮೇಲೆ ಹಕ್ಕು ಮಾವನದಲ್ಲ, ನೀರುಕಾಗೆಗಳದ್ದು.

ಹುಣಸೂರು, ಪಿರಿಯಾಪಟ್ಟಣ ದಾಟಿ ಕುಶಾಲನಗರದಲ್ಲಿ ತಿಂಡಿ. ದೋಸೆ ಬರುವ ತನಕ ಭಾವ ಒಂದು ಡಬ್ಬಿ ತೆಗೆದು ಟೇಬಲ್ ಮೇಲಿಟ್ಟರು. ಕನ್ನಡಕದ ಡಬ್ಬಿಯಷ್ಟು.

"ಇದೇನು ಭಾವ, ಹಲ್ಲು ಡಾಕ್ಟರ ಡಬ್ಬಿ ಇದ್ದ ಹಾಗಿದೆ?"

ಒಳಗೆ ಸ್ಪಂಜಿನ ಮೇಲೆ ಸಾಲಾಗಿ ಗಾಳಗಳು. ಒಂದೊಂದರ ಕುತ್ತಿಗೆಗೂ ಮೆಣಸಿನ ಕಾಳಿನಷ್ಟು ಗುಂಡು, ಹಸಿರು, ಕೆಂಪು, ಕಿತ್ತಳೆ ಬಣ್ಣದ್ದು. ಇದಕ್ಕೆ ಜಿಗ್ ಅನ್ನುತ್ತಾರಂತೆ. ಗುಂಡು ಸೀಸದ್ದಲ್ಲ, ಟಂಗ್‌ಸ್ಟನ್. ಸೀಸಕ್ಕಿಂತ ಒಂದೂವರೆ ಪಟ್ಟಿಗೂ ಜಾಸ್ತಿ ಭಾರ. ಚಿಕ್ಕದಿದ್ದರೂ ಸರ್ರನೆ ಇಳಿಯುತ್ತದೆ, ದಾರ ನೆಟ್ಟಗೆ ನಿಲ್ಲುತ್ತದೆ. ಒಂದು ಹಸಿರು ಗುಂಡಿಗೆ ಟಾರ್ಚ್ ಹಿಡಿದರೆ ಕತ್ತಲಲ್ಲಿ ಮಿಣಮಿಣ ಅನ್ನುತ್ತದೆ. ಅದು ಅವರ ಲಕ್ಕಿ ಜಿಗ್. "ಇದನ್ನು ಮಾತ್ರ ಮುಟ್ಟಬೇಡಿ" ಅಂದರು. ಈ ಮಾತು ನೆನಪಿಟ್ಟುಕೊಳ್ಳಿ.

ರಾಡ್ ಇನ್ನೂ ತಮಾಷೆ. ಉದ್ದ 28 ಇಂಚು. ಮಕ್ಕಳ ಆಟದ ಸಾಮಾನೇ. ತೂತಿನ ಪಕ್ಕದಲ್ಲೇ ಸ್ಟೂಲ್ ಹಾಕಿ ಕೂರುವವರಿಗೆ ಉದ್ದ ಕೋಲು ಯಾತಕ್ಕೆ, ದೂರ ಬೀಸುವ ಕೆಲಸವೇ ಇಲ್ಲವಲ್ಲ.

ಚೆಟ್ಟಳ್ಳಿ ಮುಟ್ಟುವ ಹೊತ್ತಿಗೆ ಹತ್ತೂವರೆ. ಆ ದಿನವೆಲ್ಲ ನೆಂಟರು, ಊಟ, ನಿದ್ದೆ. ಬರೆಯುವಂಥದ್ದು ಏನೂ ಇಲ್ಲ. ರಾತ್ರಿ ಮಾತ್ರ ಬಚ್ಚಲೊಲೆಯ ಮುಂದೆ ಬೆಲ್ಲದ ಕಾಫಿ ಹಿಡಿದು ಕೂತಾಗ ಮಾವ ಕೇಳಿದರು. "ಅಲ್ಲ ಮಾರಾಯ, ನೀರಿನ ಮೇಲೆ ಹ್ಯಾಗೆ ನಡೀತೀರಿ? ಒಡೆಯೋದಿಲ್ವಾ?"

ಭಾವ ಕಾಯುತ್ತಿದ್ದದ್ದೇ ಇದಕ್ಕೆ. ಬಲಗೈಯ ನಾಲ್ಕು ಬೆರಳು ಜೋಡಿಸಿ ಅಡ್ಡ ಹಿಡಿದು ತೋರಿಸಿದರು. "ಇದಕ್ಕಿಂತ ಸ್ವಲ್ಪ ದಪ್ಪ. 4 ಇಂಚು ಗಟ್ಟಿ ಐಸ್ ಇದ್ದರೆ ಮನುಷ್ಯ ನಡೀಬಹುದು. ಅದಕ್ಕಿಂತ ಕಡಿಮೆ ಇದ್ದರೆ ದಡದಲ್ಲೇ ಇರಬೇಕು. ಸ್ನೋಮೊಬೈಲ್, ಅಂದರೆ ಹಿಮದ ಮೇಲಿನ ಬೈಕ್, ಓಡಿಸೋಕೆ 5ರಿಂದ 7 ಇಂಚು. ಕಾರು ಇಳಿಸೋರೂ ಇದಾರೆ, ಅದಕ್ಕೆ ಇನ್ನೂ ದಪ್ಪ ಬೇಕು. ಅದೂ ಎಂಥ ಐಸ್? ಕನ್ನಡಿ ಥರ ಕಾಣೋ ಐಸ್. ಹಾಲಿನ ಹಾಗೆ ಬೆಳ್ಳಗಿರೋದು ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿದ್ದು. ಅದರ ಶಕ್ತಿ ಅರ್ಧ ಅಷ್ಟೆ. ಅಂದರೆ ಎರಡು ಪಟ್ಟು ದಪ್ಪ ಬೇಕು."

ದಪ್ಪ ಗೊತ್ತಾಗುವುದು ಹೇಗೆ? ಹಾರೆಯಿಂದ. ನಮ್ಮ ತೋಟದ ಹಾರೆಯ ಥರದ್ದೇ ಒಂದು ಉದ್ದ ಕಬ್ಬಿಣದ ಕೋಲು ಹಿಡಿದು, ಹೆಜ್ಜೆ ಹೆಜ್ಜೆಗೂ ಮುಂದೆ ಕುಟ್ಟಿ ನೋಡುತ್ತ ಹೋಗುವುದು. ಒಂದೇ ಏಟಿಗೆ ನೀರು ಚಿಮ್ಮಿತೋ, ಬಂದ ದಾರಿಯಲ್ಲೇ ವಾಪಸ್. ಒಂದು ಕಡೆ ಅಡಿ ದಪ್ಪ ಇದೆ ಅಂತ ಇಡೀ ಕೆರೆ ಹಾಗೇ ಇರುವುದಿಲ್ಲ. ಹೊಳೆ ಬಂದು ಸೇರುವ ಬಾಯಿ, ಸೇತುವೆಯ ಅಡಿ, ಬುಗ್ಗೆ ಏಳುವ ಜಾಗ ಇಲ್ಲೆಲ್ಲ ತೆಳು. ಕುತ್ತಿಗೆಗೆ ದಾರ ಕಟ್ಟಿ, ತುದಿಗೆ ಮೊಳೆ ಇರುವ ಎರಡು ಹಿಡಿಗಳನ್ನು ನೇತುಹಾಕಿಕೊಂಡಿರಬೇಕು. ಬಿದ್ದರೆ ಅದನ್ನು ಐಸಿಗೆ ಚುಚ್ಚಿ ಮೈ ಎಳೆದುಕೊಳ್ಳುವುದಕ್ಕೆ. ಬರಿ ಕೈ ಜಾರುತ್ತದೆ. ಮೇಲೆ ಬಂದ ಮೇಲೂ ಎದ್ದು ನಿಲ್ಲಬಾರದು, ಉರುಳಿಕೊಂಡೇ ದೂರ ಹೋಗಬೇಕು. ಬಿದ್ದ ಜಾಗದ ಸುತ್ತ ಐಸ್ ಬಿರುಕು ಬಿಟ್ಟಿರುತ್ತದೆ.

"ಮತ್ತೆ ತೂತು?"

"ನಮ್ಮ ಗುಂಡಿ ಮೆಷಿನ್ ಇದೆಯಲ್ಲ ಅಪ್ಪ, ಕಾಫಿ ಗಿಡ ನೆಡೋಕೆ ಹೊಡೀತೀರಲ್ಲ, ಅದೇ. ಬ್ಲೇಡ್ ಮಾತ್ರ ಬೇರೆ. ಮಿನ್ನೆಸೋಟದಲ್ಲಿ ಗಾಳದ ತೂತು 12 ಇಂಚಿಗಿಂತ ಅಗಲ ಇರಬಾರದು ಅಂತ ಕಾನೂನೇ ಇದೆ. ನಾನು ಕೊರೆಯೋದು 8 ಇಂಚಿಂದು. ಕೊರೆದ ಮೇಲೆ ಐಸಿನ ಪುಡಿ ತೇಲ್ತದೆ, ಅದನ್ನು ಅಮ್ಮ ಬೋಂಡಾ ಎತ್ತೋ ತೂತಿನ ಸೌಟಿರ್ತದಲ್ಲ, ಅಂಥದ್ದರಲ್ಲಿ ತೆಗೀತೇವೆ."

ಅತ್ತೆ ಒಳಗಿನಿಂದ ಕೂಗಿದರು. "ನನ್ನ ಸೌಟು ಮುಟ್ಟಿದರೆ ನೋಡು."

ಎರಡನೇ ದಿನ

ಆರು ಗಂಟೆಗೆ ಕೆರೆಗೆ ಹೋಗುವುದು ಅಂತ ಮಾತಾಗಿತ್ತು. ಹೊರಗೆ ಬಂದರೆ ಅಂಗಳದ ತುಳಸಿಕಟ್ಟೆಯೂ ಕಾಣದಷ್ಟು ಮಂಜು. ನಮ್ಮ ಭಾಷೆಯಲ್ಲಿ ಇದೊಂದು ಚಂದ. ಚೆಟ್ಟಳ್ಳಿಯ ಬೆಳಗಿನದ್ದೂ ಮಂಜು, ಮಿನ್ನೆಸೋಟದಲ್ಲಿ ಸಲಿಕೆಯಲ್ಲಿ ಎತ್ತಿ ಹಾಕುವುದೂ ಮಂಜು. ಭಾವ ಒಂದು ಟೀ ಶರ್ಟಿನಲ್ಲಿ ನಿಂತಿದ್ದರು. ನಾನು ಸ್ವೆಟರ್, ಮಫ್ಲರ್, ಮೇಲೊಂದು ಶಾಲು.

ಹೋಗಲು ಆಗಲಿಲ್ಲ. ಪಕ್ಕದ ತೋಟದಲ್ಲಿ ರಾತ್ರಿಯಿಂದ ಆನೆ ಇದೆ ಅಂತ ಕುಯ್ಲಿಗೆ ಬಂದವರು ಹೇಳಿದರು. ಮೂರೋ ನಾಲ್ಕೋ. ಕೊಡಗಿನ ಈ ಭಾಗದಲ್ಲಿ ಬೆಳಗಿನ ಕಾರ್ಯಕ್ರಮ ಬರೆಯುವವರು ಆನೆಗಳೇ. ಎಂಟೂವರೆಗೆ ಅವು ದಾಟಿದವು ಅಂತ ಸುದ್ದಿ ಬಂದ ಮೇಲೆ ಹೊರಟೆವು.

ಕೆರೆ ಸುಮಾರು ಅರ್ಧ ಎಕರೆ. ನಡುವಿನಲ್ಲಿ 14 ಅಡಿ ಆಳ. ಮಾವ ಅದಕ್ಕೆ ಮೂರು ಥರ ಮರಿ ಬಿಟ್ಟಿದ್ದಾರೆ. ಕಾಟ್ಲಾ ಮೇಲಿನ ನೀರಿನಲ್ಲಿ ತಿನ್ನುವುದು, ರೋಹು ನಡುವಿನಲ್ಲಿ, ಗೆಂಡೆ ತಳದಲ್ಲಿ. ಒಂದರ ತಟ್ಟೆಗೆ ಇನ್ನೊಂದು ಬಾಯಿ ಹಾಕುವುದಿಲ್ಲ. ನಾಲ್ಕನೆಯದು ಜಿಲೇಬಿ, ಅಂದರೆ ತಿಲಾಪಿಯಾ ಮೀನು. ಅದನ್ನು ಯಾರೂ ಬಿಟ್ಟಿಲ್ಲ, ಬಂದುಬಿಟ್ಟಿದೆ.

ಭಾವ ದಡದ ಮೇಲೆ ಪಾಠ ಶುರು ಮಾಡಿದರು. ನಾನು ಐಸ್ ಫಿಶಿಂಗ್ ಅಂದರೆ ಒಂದು ತೂತಿನ ಮುಂದೆ ದಿನವಿಡೀ ತಪಸ್ಸು ಅಂದುಕೊಂಡಿದ್ದೆ. ತಪ್ಪಂತೆ. "ಹಾಗೆ ಕೂತವನು ಬರಿಗೈಲಿ ಮನೆಗೆ ಹೋಗ್ತಾನೆ" ಅಂದರು. ಕೆರೆಗೆ ಹೋದ ಕೂಡಲೇ ಹತ್ತು-ಹದಿನೈದು ತೂತು ಒಟ್ಟಿಗೆ ಕೊರೆಯುವುದು. ದಡದ ಹತ್ತಿರ ಕೆಲವು, ಇಳಿಜಾರಿನಲ್ಲಿ ಕೆಲವು, ಆಳದಲ್ಲಿ ಕೆಲವು. ಯಾಕೆಂದರೆ ಕೊರೆಯುವ ಸದ್ದಿಗೆ ಮೀನು ಚದುರುತ್ತದೆ. ಎಲ್ಲ ಸದ್ದೂ ಮೊದಲೇ ಮುಗಿಸಿ, ಆಮೇಲೆ ಸುಮ್ಮನಾಗಿ ಒಂದೊಂದೇ ತೂತು ನೋಡುತ್ತ ಬರುವುದು. ಹದಿನೈದು ನಿಮಿಷಕ್ಕೆ ಮೀನು ಮುಟ್ಟಲಿಲ್ಲವಾ, ಎದ್ದು ಮುಂದಿನ ತೂತಿಗೆ.

ಬೇರೆ ಬೇರೆ ಮೀನಿಗೆ ಬೇರೆ ಹೊತ್ತು. ವಾಲಾಯ್ ಅನ್ನುವ ಮೀನು ಬೆಳಗಿನ ಜಾವ ಮತ್ತು ಸಂಜೆ ಮಬ್ಬಿನಲ್ಲಿ. ಅದರ ಕಣ್ಣು ಕಡಿಮೆ ಬೆಳಕಿಗೆ ಹೇಳಿ ಮಾಡಿಸಿದ್ದು. ಪರ್ಚ್ ನಡುಹಗಲಿನಲ್ಲಿ, ತಳದಲ್ಲಿ ಗುಂಪು ಗುಂಪಾಗಿ. ಕ್ರಾಪಿ ತಳ ಬಿಟ್ಟು ನಡುನೀರಿನಲ್ಲಿ ತೇಲಿಕೊಂಡಿರುತ್ತದೆ, ಕತ್ತಲಾದ ಮೇಲೆ ಕಚ್ಚುತ್ತದೆ. ಚಳಿಗಾಲದಲ್ಲಿ ಅಲ್ಲಿ ಒಬ್ಬನಿಗೆ ಎರಡು ಗಾಳ ಹಾಕಲು ಅನುಮತಿ. ಒಂದು ಕೈಯಲ್ಲಿ. ಇನ್ನೊಂದಕ್ಕೆ ಚಿಕ್ಕ ಮೀನು ಸಿಕ್ಕಿಸಿ, ತೂತಿನ ಮೇಲೆ ಟಿಪ್-ಅಪ್ ಅನ್ನುವ ಕಟ್ಟಿಗೆ ಇಟ್ಟು ಬಿಟ್ಟುಬಿಡುವುದು. ಪೈಕ್ ಮೀನು ಬಂದು ಎಳೆದರೆ ಕಟ್ಟಿಗೆಗೆ ಸಿಕ್ಕಿಸಿದ ಬಾವುಟ ಟಕ್ಕನೆ ಏಳುತ್ತದೆ. ಆಗ ಎಲ್ಲರೂ ಕೂಗಿಕೊಂಡು ಆ ಕಡೆ ಓಡುತ್ತಾರೆ. ಬ್ರೈನರ್ಡ್ ಅನ್ನುವ ಊರಿನ ಹತ್ತಿರ ಗಲ್ ಲೇಕ್‌ನಲ್ಲಿ ಜನವರಿಯಲ್ಲಿ ಸ್ಪರ್ಧೆ ನಡೆಯುತ್ತದಂತೆ. ಸಾವಿರಾರು ಜನ, ಮುಂಚೆಯೇ ಕೊರೆದಿಟ್ಟ ಸಾವಿರಾರು ತೂತು. ನಮ್ಮ ಜಾತ್ರೆ ಥರ, ತೇರು ಒಂದಿಲ್ಲ ಅಷ್ಟೆ.

ಪಾಠ ಚೆನ್ನಾಗಿತ್ತು. ಮೀನು ಮಾತ್ರ ಬರಲಿಲ್ಲ.

"ಚಳಿಗಾಲದಲ್ಲಿ ಮೀನು ಆಳಕ್ಕೆ ಹೋಗ್ತದೆ, ತಳದಲ್ಲಿ ನೀರು ಬೆಚ್ಚಗಿರ್ತದೆ" ಅಂತ ಭಾವ ಎರೆಹುಳು ಸಿಕ್ಕಿಸಿ ತಳಕ್ಕೇ ಬಿಟ್ಟರು. ಹದಿನೈದು ನಿಮಿಷಕ್ಕೊಮ್ಮೆ ಜಾಗ ಬದಲಾಯಿಸುತ್ತ ಇಡೀ ಏರಿ ಸುತ್ತಿದೆವು. ಹನ್ನೆರಡಕ್ಕೆ ನನ್ನ ಕಾಲಿಗೆ ಮೂರು ಜಿಗಣೆ, ಬುಟ್ಟಿಗೆ ಸೊನ್ನೆ.

ಊಟ ಮುಗಿಸಿ ಎರಡೂವರೆಗೆ ಮಾವ ಹೊರಟರು. ಕೈಯಲ್ಲಿ ಬಿದಿರಿನ ಕೋಲು, ನವಿಲುಗರಿ ದಂಟಿನ ಬೆಂಡು, ಎಲೆಯಲ್ಲಿ ಸುತ್ತಿದ ರಾಗಿ ಹಿಟ್ಟಿನ ಉಂಡೆ. ಕೆರೆಯ ಪೂರ್ವದ ದಂಡೆಯಲ್ಲಿ ಅವರದ್ದೊಂದು ಕಲ್ಲಿದೆ. ನಲವತ್ತು ವರ್ಷದಿಂದ ಅದೇ ಕಲ್ಲು. ಅಲ್ಲಿ ನೀರು ಎರಡು-ಮೂರು ಅಡಿ ಅಷ್ಟೆ. ಮಧ್ಯಾಹ್ನದ ಮೇಲೆ ಸಿಲ್ವರ್ ಮರಗಳ ಸಂದಿಯಿಂದ ಬಿಸಿಲು ನೇರ ಅಲ್ಲಿಗೆ ಬೀಳುತ್ತದೆ. ಮಾವ ಕೂತರು, ಬೀಡಿ ಹಚ್ಚಿದರು, ಬೀಡಿ ಮುಗಿಯುವ ಮೊದಲೇ ಒಂದು ಜಿಲೇಬಿ ಎತ್ತಿದರು. ನಾಲ್ಕು ಗಂಟೆಗೆ ಐದು ಜಿಲೇಬಿ, ಒಂದು ಗೆಂಡೆ.

"ಇದು ಹ್ಯಾಗೆ ಅಪ್ಪ?"

"ಬಿಸಿಲು ಕಾಯಿಸ್ಕೊಳ್ಳೋಕೆ ಬರ್ತವೆ. ನಾನೂ ಅದಕ್ಕೇ ಬರೋದು."

ಭಾವನಿಗೆ ಮುಖಭಂಗ. ರಾತ್ರಿ ಅಕ್ಕಿ ರೊಟ್ಟಿ ತಟ್ಟುತ್ತ ಕೂತಾಗ ಇದರ ಗುಟ್ಟು ಬಿಡಿಸಿದ್ದು ನನ್ನ ಹೆಂಡತಿ. ಅವಳು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ.

"ಅಣ್ಣಾ, ನೀನು ಅಲ್ಲಿಯ ಲೆಕ್ಕ ಇಲ್ಲಿಗೆ ಹಾಕ್ತಿದ್ದೀಯ. ನೀರು ತಣ್ಣಗಾದ ಹಾಗೆ ಭಾರ ಆಗ್ತದೆ, ಆದರೆ 4 ಡಿಗ್ರಿವರೆಗೆ ಮಾತ್ರ. ಅಲ್ಲಿಂದ ಕೆಳಗೆ ಉಲ್ಟಾ. ಇನ್ನೂ ತಣ್ಣಗಾದರೆ ಹಗುರ ಆಗ್ತದೆ. ಅದಕ್ಕೇ ನಿಮ್ಮಲ್ಲಿ 4 ಡಿಗ್ರಿ ನೀರು ತಳಕ್ಕೆ ಹೋಗಿ ಕೂರ್ತದೆ, ಅದಕ್ಕಿಂತ ತಣ್ಣಂದು ಮೇಲೆ ಬಂದು ಐಸ್ ಆಗ್ತದೆ. ತಳವೇ ಬೆಚ್ಚಗೆ. ನಮ್ಮ ಕೆರೆ 4 ಡಿಗ್ರಿಗೆ ಯಾವ ಜನ್ಮದಲ್ಲಿ ಇಳೀತದೆ ಹೇಳು? ಇಲ್ಲಿ ರಾತ್ರಿ ತಣ್ಣಗಾದ ನೀರು ಭಾರ ಆಗಿ ನೇರ ತಳ ಸೇರ್ತದೆ. ಹಗಲು ಬಿಸಿಲಿಗೆ ಕಾಯೋದು ಮೇಲಿನದ್ದು."

ಭಾವ ರೊಟ್ಟಿ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಂದರೆ ಬೆಳಗ್ಗೆಯಿಂದ ನಾನು ಕೆರೆಯ ಫ್ರಿಜ್‌ಗೆ ಗಾಳ ಬಿಟ್ಟಿದ್ದೇನೆ."

ಮೂರನೇ ದಿನ

ಈ ದಿನದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಕ್ಷಮಿಸಿ.

ಬೆಳಗ್ಗೆ ಮಾವ ಜೇನು ಪೆಟ್ಟಿಗೆ ತೆರೆಯುತ್ತಿದ್ದರು. ತೋಟದಲ್ಲಿ ನಾಲ್ಕು ಪೆಟ್ಟಿಗೆ, ಅದರಲ್ಲೊಂದನ್ನು ಜೇನುಗಳು ಬಿಟ್ಟು ಹೋಗಿದ್ದವು. ಮುಚ್ಚಳ ಎತ್ತಿದರೆ ಹಳೆ ಎರಿಯ ತುಂಬ ಜೇಡನ ಬಲೆಯಂಥ ನೂಲು. ಅದರೊಳಗೆ ಬೆಳ್ಳಗೆ, ಕೊಬ್ಬಿದ ಹುಳುಗಳು. ಮೇಣದ ಹುಳ. ಜೇನು ಸಾಕುವವರಿಗೆ ಇದನ್ನು ಕಂಡರೆ ಮೈಯೆಲ್ಲ ಉರಿ. ಮಾವ ಬೈಯುತ್ತ ಎರಿ ಕಿತ್ತು ಬೆಂಕಿಗೆ ಹಾಕಲು ಹೊರಟರು.

"ಅಪ್ಪಾ, ನಿಲ್ಲಿ ನಿಲ್ಲಿ!" ಭಾವ ಓಡಿ ಬಂದರು. ಒಂದು ಹುಳವನ್ನು ಅಂಗೈ ಮೇಲಿಟ್ಟುಕೊಂಡು ಮಗುವಿನ ಹಾಗೆ ನಕ್ಕರು. "ವ್ಯಾಕ್ಸ್ ವರ್ಮ್! ನಾನು ಇದಕ್ಕೆ ಡಾಲರ್ ಕೊಟ್ಟು ಚಿಕ್ಕ ಡಬ್ಬಿಯಲ್ಲಿ ತರ್ತೇನೆ!"

ನಿಜ. ಅಲ್ಲಿ ಐಸ್ ಮೇಲೆ ಹೋಗುವವರ ಜೇಬಿನಲ್ಲಿ ಇರುವುದು ಇದೇ ಹುಳು. ಅದೂ ಹೊರಗಿನ ಜೇಬಲ್ಲ, ಎದೆಯ ಹತ್ತಿರದ ಒಳಜೇಬು. ಹೊರಗಿಟ್ಟರೆ ಹೆಪ್ಪುಗಟ್ಟಿ ಕಡ್ಡಿಯಾಗುತ್ತದೆ. ಚಳಿಗೆ ಮೀನಿನ ಮೈ ನಿಧಾನವಾಗಿರುತ್ತದೆ, ಹಸಿವು ಕಡಿಮೆ. ದೊಡ್ಡ ತುತ್ತನ್ನು ಅಟ್ಟಿಸಿಕೊಂಡು ಬರುವುದಿಲ್ಲ. ಹಾಗಾಗಿ ಚಿಕ್ಕ ಗಾಳ, ಚಿಕ್ಕ ಹುಳು, ತೆಳು ದಾರ, ನಿಧಾನದ ಕೈ. ಐಸ್ ಫಿಶಿಂಗ್‌ನ ಅರ್ಧ ವಿದ್ಯೆ ಇಷ್ಟೇ ಅಂತ ಭಾವ ಹೇಳಿದರು. ಇನ್ನರ್ಧ, ಮೀನು ಎಷ್ಟು ಆಳದಲ್ಲಿದೆ ಅಂತ ಹುಡುಕುವುದು. ಅದಕ್ಕೆ ಅಲ್ಲಿ ಅವರ ಹತ್ತಿರ ಸೋನಾರ್ ಇದೆ. ತೂತಿನೊಳಗೆ ಇಳಿಬಿಟ್ಟರೆ ತಳ, ಜಿಗ್, ಮೀನು ಎಲ್ಲ ಬಣ್ಣದ ಗೆರೆಯಾಗಿ ಕಾಣುತ್ತದೆ. ವಿಮಾನಕ್ಕೆ ಬ್ಯಾಟರಿ ತಕರಾರು ಅಂತ ತಂದಿರಲಿಲ್ಲ. ಬದಲಿಗೆ ತಂಗಿಯ ನೈಲ್ ಪಾಲಿಶ್ ಇಸಿದುಕೊಂಡು ದಾರಕ್ಕೆ ಅಡಿಗೊಂದು ಕೆಂಪು ಚುಕ್ಕೆ ಇಟ್ಟರು.

ಆದರೆ ತೂತು ಎಲ್ಲಿದೆ? ನೆಟ್ಟಗೆ ಕೆಳಗೆ ಬಿಡಬೇಕಾದರೆ ಕೆರೆಯ ನಡುವೆ ನಿಲ್ಲಬೇಕಲ್ಲ. ಮಾವ ಗಲ್ಲ ಕೆರೆದುಕೊಂಡು ಹೇಳಿದರು. "ಪಂಪಿನ ತೆಪ್ಪ ಉಟ್ಟಲ್ಲ."

ಆರು ನೀಲಿ ಡ್ರಮ್ಮು, ಮೇಲೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ತಗಡು, ಒಂದು ಕಡೆ ಮೋಟಾರ್. ನಡುವೆ ಪೈಪ್ ಇಳಿಯಲು ಬಿಟ್ಟ ಚೌಕದ ಕಿಂಡಿ. ಭಾವ ಅಳೆದು ನೋಡಿದರು. ಸರಿಯಾಗಿ 12 ಇಂಚು. "ಮಿನ್ನೆಸೋಟದ ಕಾನೂನಿಗೆ ಸರಿ ಹೋಯ್ತು" ಅಂದರು.

ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸನ್ನೂ ಕಿತ್ತು ಮಾವ ತಮ್ಮ ಜೇಬಿಗೆ ಹಾಕಿಕೊಂಡರು. ನನಗೆ ಈಜು ಅಷ್ಟಕ್ಕಷ್ಟೆ. ಭಾವ ಬಿಡಲಿಲ್ಲ, ಲಾರಿ ಟ್ಯೂಬಿಗೆ ಹಗ್ಗ ಕಟ್ಟಿ ಪಕ್ಕದಲ್ಲೇ ಇಟ್ಟರು. "ನೀರಿನ ಮೇಲೆ ಒಬ್ಬನೇ ಹೋಗಬಾರದು, ಹೋಗೋದನ್ನು ಮನೇಲಿ ಹೇಳಿ ಹೋಗಬೇಕು, ಬಿದ್ದರೆ ಏನು ಹಿಡ್ಕೋತೀನಿ ಅಂತ ಮೊದಲೇ ಗೊತ್ತಿರಬೇಕು. ಐಸಾದರೂ ಅಷ್ಟೆ, ಡ್ರಮ್ಮಾದರೂ ಅಷ್ಟೆ." ಅಲ್ಲಿ ಐಸ್ ಮೇಲೆ ಗುಡಾರ ಹಾಕಿ ಒಳಗೆ ಗ್ಯಾಸ್ ಹೀಟರ್ ಹಚ್ಚುತ್ತಾರೆ. ಗಾಳಿಗೆ ಕಿಂಡಿ ಬಿಡದೆ ಮಲಗಿ ಪ್ರಾಣ ಕಳೆದುಕೊಂಡವರಿದ್ದಾರಂತೆ. ನಮ್ಮಲ್ಲೂ ಕೆಂಡದ ಬಾಣಲೆ ಇಟ್ಟು ಬಾಗಿಲು ಹಾಕಿ ಮಲಗುವವರು ಇದನ್ನು ಕೇಳಿಸಿಕೊಳ್ಳಬೇಕು.

ಎರಡು ಗಂಟೆ. ತಗಡಿನ ಮೇಲೆ ಗೋಣಿಚೀಲ ಹಾಸಿ ಬೋರಲು ಮಲಗಿ ಕಿಂಡಿಯೊಳಗೆ ಮುಖ ಇಟ್ಟೆ. ಸುತ್ತಲಿನ ಬೆಳಕು ಮರೆಯಾದ ಕೂಡಲೇ ನೀರಿನ ಒಳಗು ಕಾಣತೊಡಗಿತು. ಐದಾರು ಅಡಿವರೆಗೆ ತಿಳಿ ಹಸಿರು, ಅದರ ಕೆಳಗೆ ಕಷಾಯದ ಬಣ್ಣ. ಪೈಪಿಗೆ ಅಂಟಿದ ಪಾಚಿ ಕೂದಲಿನ ಹಾಗೆ ಓಲಾಡುತ್ತಿತ್ತು. ಭಾವ ರಾಡಿನ ತುದಿಗೆ ಪೊರಕೆಯ ತೆಂಗಿನ ಕಡ್ಡಿಯೊಂದನ್ನು ಕಟ್ಟಿ, ಅದರ ತುದಿಯಿಂದ ದಾರ ಇಳಿಬಿಟ್ಟಿದ್ದರು. ಅಲ್ಲಿ ಇದಕ್ಕೆ ಸಣ್ಣ ಸ್ಪ್ರಿಂಗ್ ಕಟ್ಟುತ್ತಾರಂತೆ. ಚಳಿಯ ಮೀನು ಎಳೆಯುವುದಿಲ್ಲ, ಬಾಯಿಗೆ ಹಾಕಿ ಸುಮ್ಮನೆ ನಿಂತಿರುತ್ತದೆ. ಅದು ಕೈಗೆ ಗೊತ್ತಾಗುವುದಿಲ್ಲ. ಕಡ್ಡಿಗೆ ಗೊತ್ತಾಗುತ್ತದೆ.

ತಳದಿಂದ ಶುರು ಮಾಡಿದರು. ಎರಡು ಇಂಚು ಎತ್ತುವುದು, ಬಿಡುವುದು, ಹತ್ತು ಎಣಿಸುವ ತನಕ ಅಲುಗದೆ ಹಿಡಿಯುವುದು. ಏನಿಲ್ಲ. ಎರಡು ಚುಕ್ಕೆ ಮೇಲೆ. ಮತ್ತೆ ಅದೇ. ಏನಿಲ್ಲ. ಹೀಗೆ ಮೇಲೆ ಮೇಲೆ ಬಂದು ಐದನೇ ಚುಕ್ಕೆಗೆ ನಿಂತರು. ಹುಳು ಸಿಕ್ಕಿಸಿದ ಜಿಗ್ ನನಗೆ ಈಗ ಕಾಣುತ್ತಿತ್ತು. ಕತ್ತಲೆಯ ಗಡಿಯಲ್ಲೇ ಒಂದು ಹಸಿರು ಚುಕ್ಕೆ. ಅದರ ಪಕ್ಕದಲ್ಲಿ ಒಂದು ನೆರಳು ಬಂದು ನಿಂತಿತು. ಅಂಗೈಯಗಲ. ಭಾವ ಎತ್ತಿ ಬಿಡುವುದನ್ನು ನಿಲ್ಲಿಸಿ, ಬೆರಳು ಮಾತ್ರ ನಡುಗಿಸುತ್ತ ನಿಧಾನಕ್ಕೆ, ತೀರ ನಿಧಾನಕ್ಕೆ, ಗಾಳವನ್ನು ಮೀನಿನಿಂದ ದೂರ ಮೇಲಕ್ಕೆ ಎಳೆದರು. ನನಗೆ ಅಯ್ಯೋ ಅನ್ನಿಸಿತು. ತಿನ್ನಲು ಬಂದದ್ದರ ಬಾಯಿಂದ ಯಾಕೆ ಕಸಿಯುತ್ತಾರೆ? ನೆರಳು ಹಿಂದೆಯೇ ಬಂತು. ತಪ್ಪಿಸಿಕೊಂಡು ಹೋಗುವುದನ್ನು ಬಿಡಬಾರದು ಅನ್ನುವ ಹಾಗೆ ಒಮ್ಮೆಗೇ ಬಾಯಿ ತೆರೆಯಿತು. ಹಸಿರು ಚುಕ್ಕೆ ಮಾಯ.

ಕಡ್ಡಿ ಬಾಗಲಿಲ್ಲ, ನೆಟ್ಟಗಾಯಿತು. ಮೀನು ಮೇಲಕ್ಕೆ ಬಂದದ್ದರಿಂದ ಭಾರ ಇಳಿದಿತ್ತು. ಭಾವ ಮಣಿಕಟ್ಟು ಒಂದಿಷ್ಟು ಕೊಂಕಿಸಿದರು ಅಷ್ಟೆ. ಕಿಂಡಿಯಿಂದ ಜಿಲೇಬಿ ಮೇಲೆ ಬಂದು ನನ್ನ ಕೆನ್ನೆಗೆ ಬಾಲ ಬಡಿಯಿತು.

ಮುಂದಿನ ಒಂದು ಗಂಟೆಯಲ್ಲಿ ಒಂಬತ್ತು ಜಿಲೇಬಿ. ಎಲ್ಲ ನಾಲ್ಕರಿಂದ ಆರನೇ ಚುಕ್ಕೆಯ ಒಳಗೆ. ಆಮೇಲೆ ಭಾವ ಹುಳು ತೆಗೆದು, ಮಾವನ ರಾಗಿ ಹಿಟ್ಟನ್ನು ಬಟಾಣಿಯಷ್ಟು ಮಾಡಿ ಅಂಟಿಸಿದರು. ಆ ಹಿಟ್ಟಿಗೆ ರಾಗಿ ಬೇಯಿಸಿ ಚೆನ್ನಾಗಿ ನಾದಬೇಕು. ಸಡಿಲವಿದ್ದರೆ ನೀರಲ್ಲಿ ಕರಗುತ್ತದೆ, ಗಟ್ಟಿಯಿದ್ದರೆ ಗಾಳದ ಮೊನೆ ಹೊರಬರುವುದಿಲ್ಲ. ಅದಕ್ಕೆ ಬಂದದ್ದು ರೋಹು. ಕಿಂಡಿಯ ಕೆಳಗೆ ಅದು ಸುತ್ತು ಹಾಕಲು ಶುರು ಮಾಡಿದಾಗ ಭಾವ ರಾಡ್ ಎತ್ತಲೇ ಇಲ್ಲ. ತುದಿಯನ್ನು ನೀರಿಗೇ ಇಳಿಸಿ, ದಾರ ತಗಡಿನ ಅಂಚಿಗೆ ತಾಗದ ಹಾಗೆ ನೋಡಿಕೊಂಡರು. "ಐಸಿನ ಅಂಚು ಬ್ಲೇಡ್ ಇದ್ದ ಹಾಗೆ. ದೊಡ್ಡ ಮೀನು ಹೋಗೋದು ಅಲ್ಲೇ. ತಲೆ ಕಿಂಡಿಗೆ ನೇರ ಬರೋ ತನಕ ಎಳೀಬಾರದು." ಹತ್ತು ನಿಮಿಷ ಹಿಡಿಯಿತು. ಮನೆಯ ತಕ್ಕಡಿಯಲ್ಲಿ ಒಂದು ಕೆಜಿ ಎಂಟುನೂರು ಗ್ರಾಂ.

ಇಷ್ಟೊತ್ತಿಗೆ ನನಗೂ ಕೈ ತುರಿಸುತ್ತಿತ್ತು. ಭಾವ ಮೀನನ್ನು ಬುಟ್ಟಿಗೆ ಹಾಕುವಾಗ ರಾಡ್ ತೆಗೆದುಕೊಂಡು, ತಪ್ಪಿ ತಳದ ತನಕ ಬಿಟ್ಟುಬಿಟ್ಟೆ. ಎತ್ತಿದರೆ ಬರಲಿಲ್ಲ. ದೊಡ್ಡದೇ ಸಿಕ್ಕಿದೆ ಅಂತ ಕೂಗಿ ಜೋರಾಗಿ ಎಳೆದೆ. ಟಿಕ್. ದಾರ ಗಾಳಿಗೆ ಹಾರಿತು. ಸಿಕ್ಕಿದ್ದು ಪಂಪಿನ ಪೈಪಿನ ತುದಿಯ ಫುಟ್ ವಾಲ್ವಿನ ಜಾಲರಿ. ಹೋದದ್ದು ಮಿಣಮಿಣ ಹಸಿರು ಜಿಗ್.

ಭಾವ ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪೂರ್ವದ ದಂಡೆಯ ಕಲ್ಲಿನ ಮೇಲಿಂದ ಮಾವ ಕೂಗಿದರು. "ಎಂಥ ಹಿಡಿದ್ರಿ ಅಳಿಯಂದ್ರೇ, ಪಂಪಾ?" ಅವರ ಬುಟ್ಟಿಯಲ್ಲಿ ಆಗಲೇ ಏಳು.

ರಾತ್ರಿ ಕಾಚಂಪುಳಿ ಅನ್ನುವ ಕೊಡಗಿನ ಹುಳಿ ಹಾಕಿದ ರೋಹು ಸಾರು. ಕಪ್ಪಗೆ, ಗಟ್ಟಿಯಾಗಿ, ಹುಳಿ ನಾಲಿಗೆಯ ಅಂಚಿಗೆ ಚುರ್ರನ್ನುವಷ್ಟು. ಜಿಲೇಬಿಗೆ ಮೆಣಸಿನಪುಡಿ, ಅರಿಶಿನ, ಉಪ್ಪು ಅಷ್ಟೇ ಸವರಿ ಕಾವಲಿಯ ಮೇಲೆ ಹುರಿದದ್ದು. ಮಿನ್ನೆಸೋಟದಲ್ಲಿ ಇದರ ಜಾಗದಲ್ಲಿ ವಾಲಾಯನ್ನು ಹಿಟ್ಟಿನಲ್ಲಿ ಹೊರಳಿಸಿ ಕರಿಯುತ್ತಾರಂತೆ. ಅದೂ ಚೆನ್ನಾಗಿರುತ್ತದೆ ಅಂತ ಭಾವ ಹೇಳಿದರು, ಮೂರನೇ ರೊಟ್ಟಿ ಹರಿಯುತ್ತ.

ನಾಲ್ಕನೇ ದಿನ

ಹೊರಡುವ ದಿನ. ವಾಲ್ನೂರಿನ ಕಡೆಯಿಂದ ಹೋಗೋಣ ಅಂದರು ಭಾವ. ಕಾವೇರಿ ನೋಡಬೇಕಿತ್ತು ಅವರಿಗೆ. ಅಲ್ಲಿ ಹೊಳೆಯ ಒಂದು ಭಾಗವನ್ನು ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯವರು ಮಹಶೀರ್ ಮೀನಿಗಾಗಿ ಕಾಯುತ್ತ ಬಂದಿದ್ದಾರೆ. ಹಿಡಿದರೂ ವಾಪಸ್ ಬಿಡಬೇಕು. ನಮ್ಮ ಹತ್ತಿರ ಪರವಾನಗಿ ಇರಲಿಲ್ಲ, ಗಾಳ ಡಿಕ್ಕಿಯಲ್ಲೇ ಇತ್ತು. ಬಂಡೆಯ ಮೇಲೆ ಸುಮ್ನೆ ಕೂತೆವು.

ಕಾವೇರಿ ನದಿ ಕುಟುಂಬದ ಮಹಶೀರ್ ಅಂದರೆ ಸಣ್ಣ ಮೀನಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದರೆ 54 ಕೆಜಿ. ಬೆನ್ನು ಉಬ್ಬಿದ, ಕಿತ್ತಳೆ ರೆಕ್ಕೆಯ ಆ ಜಾತಿ ಈಗ ಅಳಿವಿನ ಅಂಚಿನಲ್ಲಿದೆ. 2018ರಲ್ಲಿ ಅದನ್ನು ತೀವ್ರ ಅಪಾಯದ ಪಟ್ಟಿಗೆ ಸೇರಿಸಿದರು. ಅದಕ್ಕೆ ವೈಜ್ಞಾನಿಕ ಹೆಸರು ಯಾವುದು ಅಂತ ಖಚಿತವಾದದ್ದೂ ಅದೇ ವರ್ಷ. ನನಗೆ ಬೇಜಾರಾಗುವುದು ಇನ್ನೊಂದಕ್ಕೆ. ಮಹಶೀರ್ ಉಳಿಸಬೇಕು ಅಂತ ಒಳ್ಳೆ ಮನಸ್ಸಿನಿಂದಲೇ ಲೋನಾವಾಲದ ಹ್ಯಾಚರಿಯಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮರಿಗಳನ್ನು ತಂದು ಕಾವೇರಿಗೆ ಬಿಟ್ಟಿದ್ದರು. ಅವು ಚೆನ್ನಾಗಿ ಹಬ್ಬಿದವು, ಇಲ್ಲಿಯದ್ದು ಕಡಿಮೆಯಾಗುತ್ತ ಬಂತು. ಭಾವ ಇದನ್ನು ಕೇಳಿ, "ಬೇರೆ ನೀರಿನ ಲೆಕ್ಕ ಇಲ್ಲಿಗೆ ಹಾಕಿದ್ದು" ಅಂದರು. ತಂಗಿ ಅವರ ಮುಖ ನೋಡಿ ನಕ್ಕಳು.

ಒಂದು ಗಂಟೆ ಕೂತರೂ ಮಹಶೀರ್ ಕಾಣಲಿಲ್ಲ. ಆಚೆ ದಡದಲ್ಲಿ ನೀರುನಾಯಿ ಎರಡು ಕಂಡವು. ದಾರಿ ಬಿಟ್ಟು ರಾಮನಾಥಪುರಕ್ಕೆ ಹೋಗಿ ದೇವರ ಮೀನಿಗೆ ಪುರಿ ಹಾಕಿ ಬರೋಣ ಅಂತ ನನ್ನ ಆಸೆ. ಅದು ಅರಕಲಗೂಡು ತಾಲೂಕಿನಲ್ಲಿ, ಕಾವೇರಿ ದಡದಲ್ಲೇ. ಅಲ್ಲಿಯ ಮೀನನ್ನು ಯಾರೂ ಹಿಡಿಯುವುದಿಲ್ಲ. ಹೊತ್ತಾಗಿತ್ತು, ಬಿಟ್ಟೆವು. ಸಂಜೆ ಐದಕ್ಕೆ ಮೈಸೂರು. ಮಾರನೆ ದಿನ ಭಾವ ವಿಮಾನ ಹತ್ತಿದರು. ಲಗೇಜಿನಲ್ಲಿ ಅತ್ತೆಯ ಕಾಚಂಪುಳಿ ಬಾಟಲಿ, ಒಂದು ಹಿಡಿ ಪೊರಕೆ ಕಡ್ಡಿ.

ಫೆಬ್ರವರಿ ಕೊನೆ ವಾರ ಮಾವನ ಫೋನ್ ಬಂತು. ಮೋಟಾರ್ ಹಾಕಿ ನಾಲ್ಕು ದಿನ ಆಯಿತು, ನೀರು ಕಡಿಮೆ ಎತ್ತುತ್ತಿದೆ ಅಂತ ಫುಟ್ ವಾಲ್ವ್ ಮೇಲೆ ತೆಗೆದರಂತೆ. ಜಾಲರಿಗೆ ಎಲೆ, ಪಾಚಿ, ಅದರ ನಡುವೆ ಮೆಣಸಿನ ಕಾಳಿನಷ್ಟು ಹಸಿರು ಗುಂಡು.

"ಟಾರ್ಚ್ ಹಿಡಿದು ನೋಡಿದೆ, ಇನ್ನೂ ಹೊಳೀತದೆ ಅಳಿಯಂದ್ರೇ. ಅವನಿಗೆ ಪೋಸ್ಟ್ ಮಾಡ್ಲಾ?"

"ಮಾಡಿ ಮಾವ, ಪಾಪ, ಅವರ ಲಕ್ಕಿ ಜಿಗ್ ಅದು."

ಆ ಕಡೆ ಸ್ವಲ್ಪ ಹೊತ್ತು ಮೌನ. ಬೀಡಿ ಎಳೆದ ಸದ್ದು.

"ನೋಡ್ತೇನೆ. ನಾಳೆ ಒಂದ್ಸಲ ರಾಗಿ ಹಚ್ಚಿ ಬಿಟ್ಟು ನೋಡ್ತೇನೆ. ಆಮೇಲೆ ಹೇಳ್ತೇನೆ."